ಟಾಮ್‌ಕ್ಯಾಟ್: ಹನ್ನೊಂದು ವರ್ಷ ಜೊತೆಯಲ್ಲಿ ದುಡಿದ ಮೇಲೆ

ಜಾವಾ ವೆಬ್ ಆಪ್‌ಗಳನ್ನು ಓಡಿಸುವ ಸರ್ವರ್ ಅಪಾಚೆ ಟಾಮ್‌ಕ್ಯಾಟ್‌ನ ಆವೃತ್ತಿ 7ರಲ್ಲಿ ಕೆಲಸ ಶುರು ಮಾಡಿದವನು ನಾನು, ಈಗ 10.1ರಲ್ಲಿದ್ದೇನೆ. ಈ ಸರ್ವರ್ ಮೇಲೆ ನನಗೆ ನಿಜವಾದ ಗೌರವ ಹುಟ್ಟಿದ್ದು ಥ್ರೆಡ್‌ಗಳನ್ನು, ಅಂದರೆ ಏಕಕಾಲಕ್ಕೆ ಬೇರೆ ಬೇರೆ ಕೆಲಸ ನಡೆಸುವ ಎಳೆಗಳನ್ನು, ಅದು ಹೇಗೆ ದುಡಿಸುತ್ತದೆ ಎನ್ನುವುದು ತಿಳಿದ ಮೇಲೆಯೇ.

ಕ್ರಮ ಸರಳ. ಅಕ್ಸೆಪ್ಟರ್ ಕನೆಕ್ಷನ್ ತೆಗೆದುಕೊಳ್ಳುತ್ತದೆ, ಪೋಲರ್ ಅದರ ಮೇಲೆ ಕಣ್ಣಿಟ್ಟಿರುತ್ತದೆ, ಓದಲು ಡೇಟಾ ಬಂದ ಕೂಡಲೇ ಪೂಲ್‌ನ (ಸಿದ್ಧವಿರುವ ಥ್ರೆಡ್‌ಗಳ ಗುಂಪಿನ) ಒಂದು ಥ್ರೆಡ್‌ಗೆ ಒಪ್ಪಿಸುತ್ತದೆ. ಆ ಥ್ರೆಡ್ಡೇ ನಮ್ಮ ಆಪ್‌ನ ಕೋಡ್ ಆದ ಫಿಲ್ಟರ್, ಸರ್ವ್ಲೆಟ್ ಎಲ್ಲ ದಾಟಿ ಉತ್ತರ ಕಳಿಸಿ ಪೂಲ್‌ಗೆ ವಾಪಸ್. ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಭಾಗವೇ ಕನೆಕ್ಟರ್; 7ರ ಹಳೆಯ ಬಿಐಒ ಕನೆಕ್ಟರ್‌ನಲ್ಲಿ ಕೀಪ್-ಅಲೈವ್ (ಮುಂದಿನ ರಿಕ್ವೆಸ್ಟ್‌ಗಾಗಿ ತೆರೆದೇ ಇಟ್ಟ) ಕನೆಕ್ಷನ್ ಸುಮ್ಮನೆ ಕೂತಿದ್ದರೂ ಒಂದು ಥ್ರೆಡ್ ಕಟ್ಟಿಹಾಕುತ್ತಿತ್ತು. 8.5ರಲ್ಲಿ ಅದನ್ನು ತೆಗೆದೇಬಿಟ್ಟರು, ಒಳ್ಳೆಯದಾಯಿತು.

ಆದರೆ ಪೂಲ್‌ನ ಥ್ರೆಡ್ ನಮ್ಮ ಸ್ವಂತದ್ದಲ್ಲ. ಒಮ್ಮೆ ನಮ್ಮ ಆಪ್‌ನಲ್ಲಿ ಲಾಗಿನ್ ಆಗದವರಿಗೂ ಬೇರೆ ಯಾರದ್ದೋ ಹೆಸರು ಕಾಣಿಸತೊಡಗಿತು. ನಮ್ಮ ಮಷಿನ್‌ಗಳಲ್ಲಿ ಎರಡು ದಿನ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಲಾಗ್‌ನ ಪ್ರತಿ ಸಾಲಿಗೂ ಥ್ರೆಡ್ ಹೆಸರು ಸೇರಿಸಿದೆ. 11:42:08ಕ್ಕೆ ‘ಎಚ್‌ಟಿಟಿಪಿ-ಎನ್‌ಐಒ-8080-ಎಕ್ಸೆಕ್-7’ರಲ್ಲಿ ಒಬ್ಬರ ರಿಕ್ವೆಸ್ಟ್ ಎಕ್ಸೆಪ್ಶನ್ ಆಗಿ ಬಿದ್ದಿದೆ. 11:42:31ಕ್ಕೆ ಅದೇ ಎಕ್ಸೆಕ್-7ರಲ್ಲಿ ಲಾಗಿನ್ ಇಲ್ಲದ ರಿಕ್ವೆಸ್ಟ್, ಅದರ ಪಕ್ಕದಲ್ಲಿ ಹಿಂದಿನವರ ಐಡಿ! ನಮ್ಮ ಫಿಲ್ಟರ್ ಬಳಕೆದಾರರ ವಿವರವನ್ನು ಥ್ರೆಡ್‌ಲೋಕಲ್‌ನಲ್ಲಿ (ಆ ಥ್ರೆಡ್‌ಗೇ ಅಂಟಿಕೊಂಡಿರುವ ಜಾಗದಲ್ಲಿ) ಇಡುತ್ತಿತ್ತು. ಅಳಿಸುವ ಸಾಲು, ಎಕ್ಸೆಪ್ಶನ್ ಆದರೂ ತಪ್ಪದೆ ಓಡುವ ಫೈನಲಿ ಬ್ಲಾಕ್‌ನಲ್ಲಿ ಇರಲಿಲ್ಲ. ನಾವು ಒಬ್ಬೊಬ್ಬರೇ ಪರೀಕ್ಷಿಸುವಾಗ ಯಾವ ಥ್ರೆಡ್ ಬಂದರೂ ಅದರಲ್ಲಿ ಉಳಿದಿರುತ್ತಿದ್ದದ್ದು ನಮ್ಮದೇ ಹೆಸರು, ಹಾಗಾಗಿ ತಪ್ಪು ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಆಪ್ ನಿಲ್ಲಿಸಿದಾಗಲೆಲ್ಲ ಟಾಮ್‌ಕ್ಯಾಟ್ ಮಾತ್ರ ‘ಥ್ರೆಡ್‌ಲೋಕಲ್ ತೆಗೆದಿಲ್ಲ’ ಎಂದು ಲಾಗ್‌ನಲ್ಲಿ ಎಚ್ಚರಿಸುತ್ತಲೇ ಇತ್ತು. ಆ ಸಾಲನ್ನು ನಾವು ಓದಿರಲಿಲ್ಲ.

ನನಗೆ ತುಂಬ ಹಿಡಿಸಿದ್ದು ಪೂಲ್ ಬೆಳೆಯುವ ರೀತಿ. ಜಾವಾದ ಮಾಮೂಲಿ ಥ್ರೆಡ್‌ಪೂಲ್‌ಎಕ್ಸಿಕ್ಯೂಟರ್ ಮೂಲ ಸಂಖ್ಯೆ ಮುಟ್ಟಿದ ಮೇಲೆ ಕೆಲಸವನ್ನು ಮೊದಲು ಕ್ಯೂಗೆ ಹಾಕುತ್ತದೆ, ಕ್ಯೂ ತುಂಬಿದರಷ್ಟೇ ಹೊಸ ಥ್ರೆಡ್. ವೆಬ್ ಸರ್ವರ್‌ಗೆ ಇದು ಹೊಂದುವುದಿಲ್ಲ, ಕಾಯುತ್ತಿರುವವರು ಮನುಷ್ಯರು. ಟಾಮ್‌ಕ್ಯಾಟ್ ತನ್ನದೇ ಕ್ಯೂ ಬರೆದುಕೊಂಡು ಇದನ್ನು ತಿರುಗಿಸಿದೆ: 10 ಥ್ರೆಡ್‌ಗಳಿಂದ 200ರವರೆಗೆ ಮೊದಲು ಥ್ರೆಡ್, ಆಮೇಲೆ ಕ್ಯೂ.

ಆ 200 ಡಿಫಾಲ್ಟ್. ಸೈಟ್ ನಿಧಾನವಾಯಿತೆಂದರೆ ಎಲ್ಲರೂ ಮೊದಲು ಕೈಹಾಕುವುದು ಅಲ್ಲಿಗೇ. ನಾನೂ 400 ಮಾಡಿ ನೋಡಿದ್ದೇನೆ. ನಮ್ಮ ಡೇಟಾಬೇಸ್ ಪೂಲ್‌ನಲ್ಲಿ ಇದ್ದದ್ದು 20 ಕನೆಕ್ಷನ್. ಥ್ರೆಡ್ ಡಂಪ್ (ಆ ಕ್ಷಣ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಎನ್ನುವ ಪಟ್ಟಿ) ತೆಗೆದರೆ ಪುಟಗಟ್ಟಲೆ ಒಂದೇ ದೃಶ್ಯ, ಎಲ್ಲ ಥ್ರೆಡ್‌ಗಳೂ ಕನೆಕ್ಷನ್‌ಗಾಗಿ ಕಾಯುತ್ತ ನಿಂತಿವೆ. ಡಾಕ್ಯುಮೆಂಟೇಶನ್‌ನಲ್ಲಿ ಈ ಎರಡು ಪೂಲ್‌ಗಳ ನಂಟನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು ಅನ್ನಿಸುತ್ತದೆ. ಇನ್ನೊಂದು ಕೊರತೆ: ಸಿಕ್ಕಿಕೊಂಡ ಥ್ರೆಡ್ ಹಿಡಿದುಕೊಡುವ ಸ್ಟಕ್‌ಥ್ರೆಡ್‌ಡಿಟೆಕ್ಷನ್‌ವಾಲ್ವ್ ಅದ್ಭುತ, ಆದರೆ ಡಿಫಾಲ್ಟ್ ಮಿತಿ 600 ಸೆಕೆಂಡ್. ಹತ್ತು ನಿಮಿಷ ಯಾರು ಕಾಯುತ್ತಾರೆ? ನಾನು 30ಕ್ಕೆ ಇಳಿಸಿಟ್ಟಿದ್ದೇನೆ.

ಜಾವಾ 21 ಬಂದ ಮೇಲೆ ಕನೆಕ್ಟರ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಸಾಕು, ವರ್ಚುವಲ್ ಥ್ರೆಡ್‌ಗಳು (ಅಸಲಿ ಥ್ರೆಡ್‌ಗಳ ಮೇಲೆ ಜಾವಾವೇ ಓಡಿಸುವ ಹಗುರ ಥ್ರೆಡ್‌ಗಳು) ಸಿಗುತ್ತವೆ, 200ರ ಮಿತಿಯೇ ಇರುವುದಿಲ್ಲ. ಟೆಸ್ಟ್ ಸರ್ವರ್‌ನಲ್ಲಿ ಓಡಿಸಿದೆ. ಕಾಯುವವರ ಸಾಲು ಮಾತ್ರ ಅದೇ 20 ಕನೆಕ್ಷನ್‌ಗಳ ಮುಂದೆ ಬೆಳೆಯಿತು. ಜೊತೆಗೆ ನಮ್ಮ ಹಳೆಯ ಕೋಡ್ ತುಂಬ ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಸಿಂಕ್ರೊನೈಸ್ಡ್ ಬ್ಲಾಕ್‌ಗಳಿವೆ. ಅವುಗಳೊಳಗೆ ಕಾಯುವ ವರ್ಚುವಲ್ ಥ್ರೆಡ್ ತನ್ನ ಕೆಳಗಿನ ಅಸಲಿ ಥ್ರೆಡ್ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದು ಸರಿಯಾದದ್ದು ಜಾವಾ 24ರಲ್ಲಿ. ಅಲ್ಲಿಯವರೆಗೆ ಹೋಗುವ ತನಕ ಪ್ರೊಡಕ್ಷನ್‌ನಲ್ಲಿ ಹಳೆಯ ಪೂಲ್, 200 ಥ್ರೆಡ್, ಲಾಗ್‌ನ ಪ್ರತಿ ಸಾಲಿನಲ್ಲೂ ಥ್ರೆಡ್ ಹೆಸರು.