ಹೇಸಿಗೆ, ಅಸಹ್ಯ, ಜಿಗುಪ್ಸೆ: ‘ಅಲರ್’ ನಿಘಂಟು ಎಲ್ಲಿಯವರೆಗೆ ಕೈಹಿಡಿಯುತ್ತದೆ?

‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಪತ್ರಿಕೆಯಲ್ಲಿ ಓದಿದಾಗ ಕನ್ನಡಿಗರಿಗೆ ಹೊಳೆಯುವುದು ಬದುಕೇ ಬೇಡವೆನಿಸಿದ ಹತಾಶೆ. ಅದೇ ಪದವನ್ನು ‘ಡಿಸ್‌ಗಸ್ಟ್’ ಎಂದು ಇಂಗ್ಲಿಷಿಗೆ ತಿರುಗಿಸಿದರೆ ಹತಾಶೆ ಜಾರಿಹೋಗಿ ಕೊಳೆತ ಹಣ್ಣಿನ ಮುಂದೆ ಮುಖ ಸಿಂಡರಿಸಿದ ಚಿತ್ರ ಬರುತ್ತದೆ. ಹೇಸಿಗೆ, ಅಸಹ್ಯ, ಜಿಗುಪ್ಸೆ, ಬೀಭತ್ಸ, ರೇಜಿಗೆ, ವಾಕರಿಕೆ ಎಲ್ಲವೂ ಇಂಗ್ಲಿಷಿನ ಒಂದೆರಡು ಪದಗಳ ಕೆಳಗೆ ಬಂದು ಸೇರಿಕೊಳ್ಳುತ್ತವೆ. ಹಾಗಾಗಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಒರೆಗೆ ಹಚ್ಚಲು ಈ ಗುಂಪಿಗಿಂತ ಒಳ್ಳೆಯ ಪದಗಳು ಸಿಗುವುದು ಕಷ್ಟ.

‘ಅಲರ್’ ಎಂದರೆ ಹಳಗನ್ನಡದಲ್ಲಿ ಹೂವು, ಅರಳು. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಕಟ್ಟಿದ ಈ ನಿಘಂಟು 2019ರಲ್ಲಿ ತಂತ್ರಾಂಶ ತಜ್ಞ ಕೈಲಾಶ್ ನಾಧ್ ಅವರ ಮೂಲಕ ಅಂತರ್ಜಾಲಕ್ಕೆ ಬಂತು. 1.5 ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, 2.4 ಲಕ್ಷಕ್ಕೂ ಹೆಚ್ಚು ಇಂಗ್ಲಿಷ್ ಅರ್ಥಗಳು ಇದರಲ್ಲಿವೆ. ದುಡ್ಡು ಕೊಡಬೇಕಿಲ್ಲ. ಇಡೀ ಪದಕೋಶವನ್ನೇ ಮುಕ್ತ ಪರವಾನಗಿಯಲ್ಲಿ ಇಳಿಸಿಕೊಂಡು ಬೇರೆ ತಂತ್ರಾಂಶಕ್ಕೂ ಬಳಸಬಹುದು. ಕನ್ನಡಕ್ಕೆ ಇದು ದೊಡ್ಡ ಉಪಕಾರ.

ಹುಡುಕುವುದರಲ್ಲಿ ಅಲರ್ ಚೆನ್ನಾಗಿದೆ. ಬೀಭತ್ಸವನ್ನು ‘ಭೀಭತ್ಸ’ ಎಂದು ಬರೆಯುವವರು ಬಹಳ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೂ ಹತ್ತಿರದ ಪದವನ್ನು ತಂದುಕೊಡಲೆಂದೇ ಇದರಲ್ಲಿ ಉಚ್ಚಾರಣೆಯ ಆಧಾರದ ಹುಡುಕಾಟ ಅಳವಡಿಸಿದ್ದಾರೆ. ಆದರೆ ಪದವನ್ನು ನಿಘಂಟಿನ ರೂಪದಲ್ಲೇ ಕೊಡಬೇಕು. ಓದುತ್ತಿರುವ ವಾಕ್ಯದಲ್ಲಿ ‘ಹೇಸದೆ’ ಇದ್ದರೆ ‘ಹೇಸು’ ಎಂದೂ, ‘ವಾಕರಿಸಿಕೊಂಡು’ ಇದ್ದರೆ ‘ವಾಕರಿಸು’ ಎಂದೂ ಹುಡುಕಿ. ಜಿಗುಪ್ಸೆ–ಜುಗುಪ್ಸೆ, ವಾಕರಿಕೆ–ಓಕರಿಕೆ ಇವುಗಳಲ್ಲಿ ಎರಡೂ ರೂಪ ನೋಡುವುದು ಒಳ್ಳೆಯದು. ಹಳೆಯ ಪಠ್ಯ ಓದುವವರಿಗೆ ಇನ್ನೊಂದು ಮಾತು: ಹೇಸು ಹಳಗನ್ನಡದಲ್ಲಿ ‘ಪೇಸು’. ‘ಹ’ಕಾರದಲ್ಲಿ ಸಿಗದದ್ದು ಎಷ್ಟೋ ಸಲ ‘ಪ’ಕಾರದಲ್ಲಿ ಕೂತಿರುತ್ತದೆ.

ತೊಂದರೆ ಶುರುವಾಗುವುದು ಅರ್ಥ ಸಿಕ್ಕ ಮೇಲೆ. ಅಲರ್ ಪದ, ವ್ಯಾಕರಣ ವರ್ಗ ಮತ್ತು ಇಂಗ್ಲಿಷ್ ಅರ್ಥ ಕೊಡುತ್ತದೆ. ಬಳಕೆಯ ವಾಕ್ಯ ಕೊಡುವುದಿಲ್ಲ. ಈ ಪದಗಳ ಜೀವವೆಲ್ಲ ಇರುವುದು ಅವು ಯಾವ ವಿಭಕ್ತಿಯ ಜೊತೆ, ಯಾವ ಕ್ರಿಯಾಪದದ ಜೊತೆ ಬರುತ್ತವೆ ಎಂಬುದರಲ್ಲಿ. ಹೇಸಿಗೆಯನ್ನೇ ನೋಡಿ. ‘ನನಗೆ ಹೇಸಿಗೆ ಆಗುತ್ತದೆ’ ಎಂದರೆ ಅದು ಮನಸ್ಸಿನ ಭಾವ. ‘ಮಗು ಹೇಸಿಗೆ ಮಾಡಿಕೊಂಡಿದೆ’ ಎಂದರೆ ಮಲ, ಬಟ್ಟೆ ಬದಲಿಸಬೇಕು. ‘ಹಣಕ್ಕಾಗಿ ಏನು ಮಾಡಲೂ ಹೇಸದವನು’ ಎಂದಾಗ ವಾಸನೆಯೂ ಇಲ್ಲ, ಕೊಳೆಯೂ ಇಲ್ಲ. ಅಲ್ಲಿ ಹೇಸು ಎಂದರೆ ಹಿಂಜರಿ, ನಾಚು. ಕನ್ನಡ ಹೊಸದಾಗಿ ಕಲಿಯುವವರು, ಹೊರದೇಶದಲ್ಲಿ ಬೆಳೆದ ಕನ್ನಡದ ಮಕ್ಕಳು ಮುಗ್ಗರಿಸುವುದು ಇಲ್ಲೇ. ಇಂಗ್ಲಿಷ್ ಜಾಡಿನಲ್ಲಿ ‘ನಾನು ಹೇಸಿಗೆ ಇದ್ದೇನೆ’ ಎಂದುಬಿಟ್ಟರೆ ತಾನೇ ಗಲೀಜು ಎಂದು ಹೇಳಿಕೊಂಡಂತಾಗುತ್ತದೆ. ಅನುಭವಿಸುವವರಿಗೆ ಚತುರ್ಥಿ, ‘ನನಗೆ, ಅವಳಿಗೆ’; ಕ್ರಿಯೆ ‘ಆಗು’. ಇಷ್ಟು ಕಲಿತರೆ ಅರ್ಧ ತಪ್ಪು ತಪ್ಪುತ್ತದೆ.

ಅಸಹ್ಯದ ದಾರಿ ಬೇರೆ. ಸಂಸ್ಕೃತದಲ್ಲಿ ಅದರ ಅರ್ಥ ಸಹಿಸಲಾಗದ್ದು, ಅಷ್ಟೇ. ಬಸವಣ್ಣನವರ ‘ಅನ್ಯರಿಗೆ ಅಸಹ್ಯಪಡಬೇಡ’ ಎಂಬ ಮಾತಿನಲ್ಲಿ ಆ ಹಳೆಯ ಅರ್ಥದ ನೆರಳು ಇನ್ನೂ ಇದೆ. ಇನ್ನೊಬ್ಬರನ್ನು ಸಹಿಸದೆ ಇರುವುದೂ ಅದರೊಳಗೆ ಸೇರುತ್ತದೆ. ಇವತ್ತಿನ ಮಾತಿನಲ್ಲಿ ‘ಅಸಹ್ಯ ಮಾಡ್ಕೋಬೇಡ, ಒರೆಸು’ ಎಂದರೆ ಮುಖ ಕಿವುಚಬೇಡ ಎಂದು, ‘ಅಸಹ್ಯವಾಗಿ ಮಾತಾಡಬೇಡ’ ಎಂದರೆ ಅಶ್ಲೀಲ ಬೇಡ ಎಂದು. ಎರಡನೆಯದಕ್ಕೆ ಉತ್ತರ ಕರ್ನಾಟಕದಲ್ಲಿ ‘ಹೊಲಸು ಮಾತು’ ಎನ್ನುವುದೇ ಹೆಚ್ಚು. ಬಾಯಿಬಿಟ್ಟು ಹೇಳುವಾಗ ಜಿಗುಪ್ಸೆ ಬರುವುದು ಕಡಿಮೆ. ಅದು ಬರವಣಿಗೆಯ ಪದ, ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಆ ರಸಕ್ಕೆ ಆಧಾರವಾದ ಮೂಲಭಾವ. ಚರಂಡಿಯ ಮುಂದೆ ನಿಂತು ಯಾರೂ ‘ಜಿಗುಪ್ಸೆಯಾಗುತ್ತಿದೆ’ ಎನ್ನುವುದಿಲ್ಲ, ‘ಥೂ, ಗಬ್ಬು ನಾತ’ ಎನ್ನುತ್ತಾರೆ. ರೇಜಿಗೆಯಲ್ಲಂತೂ ಕೊಳೆಯ ಸುಳಿವೇ ಇಲ್ಲ. ಕಚೇರಿಗೆ ಹತ್ತು ಸಲ ಅಲೆಸಿದರೆ ಆಗುವುದು ರೇಜಿಗೆ; ಕಿರಿಕಿರಿಯೂ ಬೇಸರವೂ ಬೆರೆತದ್ದು. ‘ಹೇಯ ಕೃತ್ಯ’ದ ಹೇಯವನ್ನು ಹಲವರು ಹೇಸಿಗೆಯ ನೆಂಟ ಎಂದುಕೊಂಡಿದ್ದಾರೆ. ಅಲ್ಲ. ಅದು ಸಂಸ್ಕೃತದ್ದು, ಬಿಡಬೇಕಾದದ್ದು ಎಂಬ ಅರ್ಥದ್ದು. ಹೇಸಿಗೆ ಅಚ್ಚ ದ್ರಾವಿಡ.

ಬಳಕೆಯ ವಾಕ್ಯ ಇಲ್ಲದ ಕೊರತೆ ಅಡುಗೆಮನೆಯಲ್ಲಿ ಇನ್ನೂ ಹೆಚ್ಚು ಕಾಣುತ್ತದೆ. ಕೆಟ್ಟದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೆರಡು ಪದ ಸಾಕಾಗಬಹುದು. ಕನ್ನಡದಲ್ಲಿ ಅನ್ನ ಹಳಸುತ್ತದೆ, ಹಾಲು ಒಡೆಯುತ್ತದೆ, ಹಣ್ಣು ಕೊಳೆಯುತ್ತದೆ, ಹಿಟ್ಟು ಮುಗ್ಗುತ್ತದೆ, ಹಳೆಯ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಹಾಲು ಹಳಸಿತು ಎಂದರೆ ಕಿವಿಗೆ ಕಲ್ಲು ತಗುಲಿದಂತೆ. ಯಾವ ವಸ್ತುವಿಗೆ ಯಾವ ಕ್ರಿಯಾಪದ ಎಂದು ನಿಘಂಟು ಒಂದೊಂದು ವಾಕ್ಯದಲ್ಲಿ ತೋರಿಸಿದ್ದರೆ ಎಷ್ಟು ಉಪಯೋಗವಾಗುತ್ತಿತ್ತು!

ಉದ್ಗಾರಗಳಿಗೆ ಇಂಗ್ಲಿಷ್ ಅರ್ಥ ಕೊಡುವುದು ಯಾವ ನಿಘಂಟಿಗೂ ಸುಲಭವಲ್ಲ. ‘ಛೀ’ಯನ್ನು ಮಗುವಿನ ಕೈಯಿಂದ ಮಣ್ಣು ಬಿಡಿಸುವಾಗ ಮೆಲ್ಲಗೂ ಹೇಳಬಹುದು, ಒಬ್ಬರನ್ನು ಹೀಯಾಳಿಸಲು ಜೋರಾಗಿಯೂ ಹೇಳಬಹುದು. ‘ಥೂ’ದಲ್ಲಿ ಉಗುಳುವ ಸದ್ದೇ ಇದೆ; ಹಿರಿಯರ ಎದುರು ಅವರ ಕುರಿತು ಅಂದರೆ ಜಗಳ ಖಂಡಿತ. ‘ಛೀಮಾರಿ ಹಾಕು’ ಎಂದಾಗ ಅಸಹ್ಯದ ಭಾವ ಹಿಂದೆ ಸರಿದು ಎಲ್ಲರೆದುರಿನ ಖಂಡನೆ ಮುಂದೆ ಬರುತ್ತದೆ. ನ್ಯಾಯಾಲಯ ಸರ್ಕಾರಕ್ಕೆ ಛೀಮಾರಿ ಹಾಕಿತು ಎಂದು ಸುದ್ದಿಯಲ್ಲಿ ಧಾರಾಳವಾಗಿ ಬರೆಯುತ್ತಾರೆ. ‘ಹೊಲೆ’ ಎಂಬ ಪದದ ವಿಷಯದಲ್ಲಿ ಎಲ್ಲ ನಿಘಂಟುಗಳೂ ಎಚ್ಚರಿಕೆಯ ಗುರುತು ಹಾಕಬೇಕು. ಹಳೆಯ ಪಠ್ಯದಲ್ಲಿ ಮೈಲಿಗೆ ಎಂಬ ಅರ್ಥವಿದ್ದರೂ ಅದು ಒಂದು ಸಮುದಾಯವನ್ನು ಅವಮಾನಿಸಲು ಬಳಕೆಯಾದ ಪದ. ಅರ್ಥ ತಿಳಿದ ಮಾತ್ರಕ್ಕೆ ಬಳಸಲು ಒಪ್ಪಿಗೆ ಸಿಕ್ಕಿತು ಎಂದಲ್ಲ.

ಹಾಗಾದರೆ ಅಲರ್ ಜೊತೆ ಇನ್ನೇನು ಇಟ್ಟುಕೊಳ್ಳಬೇಕು? ಕಿಟೆಲ್ ಅವರ 1894ರ ನಿಘಂಟು ಪದದ ಬೇರು ಹುಡುಕಲು, ತಮಿಳು ತೆಲುಗಿನ ನೆಂಟಸ್ತಿಕೆ ನೋಡಲು ಇವತ್ತಿಗೂ ಒಳ್ಳೆಯದು. ಪ್ರಯೋಗ ಬೇಕಾದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟೇ ಸರಿ. ಶಾಸನ, ಕಾವ್ಯ, ವಚನಗಳಿಂದ ಸಾಲುಗಳನ್ನು ಎತ್ತಿ ಅರ್ಥವನ್ನು ಕನ್ನಡದಲ್ಲೇ ಹೇಳುತ್ತದೆ. ಅದರ ಕೊರತೆ ತೂಕ. ಕೈಚೀಲಕ್ಕೆ ಹಾಕಿಕೊಂಡು ಹೋಗುವ ಪುಸ್ತಕವಲ್ಲ, ಆಡುಮಾತಿಗೆ ಅಲ್ಲಿ ಜಾಗವೂ ಕಡಿಮೆ.

ಅನುವಾದಕರು ಹೀಗೆ ಮಾಡಬಹುದು. ಮೊದಲು ಅಲರ್‌ನಲ್ಲಿ ಪದದ ನಿಘಂಟಿನ ರೂಪ ಹುಡುಕಿ, ನಾಮಪದವೋ ಕ್ರಿಯಾಪದವೋ ನೋಡಿಕೊಳ್ಳಿ. ಕೊಟ್ಟ ಅರ್ಥಗಳಲ್ಲಿ ಮೊದಲನೆಯದಕ್ಕೇ ನಿಲ್ಲದೆ ಕೊನೆಯವರೆಗೂ ಓದಿ. ಆಮೇಲೆ ಮೂಲ ವಾಕ್ಯದಲ್ಲಿ ಮೂರು ವಿಷಯ ಪರೀಕ್ಷಿಸಿ: ಅಸಹ್ಯ ವಸ್ತುವಿನಲ್ಲಿದೆಯೋ ನೋಡುವವರ ಮನಸ್ಸಿನಲ್ಲಿದೆಯೋ; ಮೈಗೆ ಸಂಬಂಧಿಸಿದ್ದೋ ನಡತೆಗೆ ಸಂಬಂಧಿಸಿದ್ದೋ; ಮಾತಿನ ಪದವೋ ಬರಹದ ಪದವೋ. ಹೊಟ್ಟೆ ತೊಳಸಿದರೆ ವಾಕರಿಕೆ, ಕಣ್ಣಿಗೆ ಬೇಡವಾದರೆ ಅಸಹ್ಯ ಅಥವಾ ಹೇಸಿಗೆ, ಬದುಕೇ ಬೇಡವಾದರೆ ಜಿಗುಪ್ಸೆ.

ಐದಕ್ಕೆ ನಾಲ್ಕು ಅಂಕ ಕೊಡಬಹುದು. ಅಲರ್‌ನ ಮುಂದಿನ ಆವೃತ್ತಿಗೆ ಪದಕ್ಕೊಂದು ಆಡುಮಾತಿನ ವಾಕ್ಯ ಸೇರಿಸಿದರೆ ಉಳಿದ ಒಂದಂಕವೂ ಅದಕ್ಕೇ ಸಲ್ಲುತ್ತದೆ.