ಹಳೇ ಬಲ್ಬ್ ಸಂಗ್ರಹ: ಕಾರ್ಬನ್ ತಂತಿಯದೋ, 1000 ಗಂಟೆಯದೋ, 2500 ಗಂಟೆಯದೋ?

ಅಮೆರಿಕದ ಹಳೇ ಬಲ್ಬ್ ಕೂಡಿಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ಬಾಳಿಕೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತಿರುವ ಶೆಲ್ಬಿ ಬಲ್ಬ್ ಕಾರ್ಬನ್ ತಂತಿಯದು. ಹಾಗಂತ ಎಲ್ಲ ಕಾರ್ಬನ್ ಬಲ್ಬೂ ನೂರು ವರ್ಷ ಬಾಳುತ್ತೆ ಅನ್ಕೋಬೇಡಿ. ಅದು ಈಗ ಬರೀ 4 ವ್ಯಾಟ್‌ನಷ್ಟು ಮಂದವಾಗಿ ಉರಿಯುತ್ತದೆ, ಆರಿಸಿ ಹೊತ್ತಿಸುವುದೂ ತೀರಾ ಅಪರೂಪ. 1000 ಗಂಟೆ ಬಾಳಿಕೆ ಅನ್ನುವುದು 1924ರಲ್ಲಿ ಫೀಬಸ್ ಎಂಬ ಬಲ್ಬ್ ತಯಾರಕರ ಕೂಟದ ಕಂಪನಿಗಳು ಒಟ್ಟಾಗಿ ಹಿಡಿದ ಅಳತೆ. ಬೇಕಂತಲೇ ಬಾಳಿಕೆ ಇಳಿಸಿದ್ದು ಜನರಿಗೆ ಮೋಸ ಅಂತ ಅನೇಕರು ಬೈತಾರೆ. ಪೂರ್ತಿ ಮೋಸವೇನಲ್ಲ: ಟಂಗ್‌ಸ್ಟನ್ ತಂತಿಯನ್ನು ಕಡಿಮೆ ಬಿಸಿಯಲ್ಲಿ ಉರಿಸಿದರೆ 2500 ಗಂಟೆ ಬರುತ್ತದೆ, ಆದರೆ ಅಷ್ಟೇ ಕರೆಂಟಿಗೆ ಬೆಳಕು ಕಮ್ಮಿ. ಇನ್ನು, ಡಬ್ಬಿ ಮೇಲಿನ ಅಂಕಿ ಗ್ಯಾರಂಟಿಯಲ್ಲ. ಅಷ್ಟು ಹೊತ್ತಿಗೆ ಸುಮಾರು ಅರ್ಧದಷ್ಟು ಬಲ್ಬ್ ಸುಟ್ಟುಹೋಗಿರುತ್ತವೆ.

ಅಂದಕ್ಕೆ ಕಾರ್ಬನ್ನೇ. ಕುಣಿಕೆಯಂಥ ತಂತಿ, ಗಾಜಿನ ತುದಿಯಲ್ಲಿ ಚೂಪು, ಕೆಂಪು ಬೆರೆತ ಬೆಳಕು. ಬೆಲೆಯೂ ಹಾಗೇ, ಹಳೇ ಕಾಗದದ ಲೇಬಲ್ ಉಳಿದಿದ್ದರೆ ಇನ್ನೂ ಜಾಸ್ತಿ. ಕಪಾಟಿನಲ್ಲಿ ಇಡೋದಕ್ಕಷ್ಟೇ ಆದರೆ ತಂತಿ ಕಡಿದದ್ದೂ ನಡೆಯುತ್ತದೆ, ಅಗ್ಗವಾಗಿ ಸಿಗಬಹುದು.

ಬೇರೆ ಬೇರೆ ಕಂಪನಿಗಳ ಗಂಟೆ ಲೆಕ್ಕ ಹೋಲಿಸುವ ಹುಚ್ಚಿದ್ದರೆ ಡಬ್ಬಿ ಸಮೇತ 1000 ಗಂಟೆಯವನ್ನು ಹುಡುಕಿ. ದಿನಾ ಸಂಜೆ ಹಚ್ಚುವ ಆಸೆಯಿದ್ದರೆ 2500 ಗಂಟೆಯದು ಸಾಕು. ಯಾವುದೇ ಆದರೂ ನಮ್ಮ 230 ವೋಲ್ಟ್‌ಗೆ ನೇರ ಸಿಕ್ಕಿಸಬೇಡಿ. ಅವು 110–120 ವೋಲ್ಟ್‌ನವು, ಕ್ಷಣದಲ್ಲಿ ಢಮಾರ್. ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.