ಕ್ಯಾನ್ವಾಸ್ ಟಾಪಿನ ಜೀಪಿಗೆ ಬೀಗದ ಪೆಟ್ಟಿಗೆ: ಎರಡು ಮಳೆಗಾಲ ಕಳೆದ ಮೇಲೆ

ಕ್ಯಾನ್ವಾಸ್ ಟಾಪಿನ ಗಾಡಿಯಲ್ಲಿ ಜಿಪ್ ಎಳೆದರೆ ಯಾರ ಕೈ ಬೇಕಾದರೂ ಒಳಗೆ ಹೋಗುತ್ತದೆ. ಟೋ ಹಗ್ಗ, ಡಿ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ), ಗಾಳಿ ತುಂಬುವ ಪಂಪು, ಕಾಗದಪತ್ರ ಇವನ್ನೆಲ್ಲ ಗಾಡಿಯಲ್ಲೇ ಬಿಟ್ಟು ಕಾಸರಗೋಡು ಜಿಲ್ಲೆಯ ರಾಣಿಪುರದ ಗುಡ್ಡ ಹತ್ತಲು ಬಂದವರಿಗೂ, ಗಾಡಿಯನ್ನು ತೋಟದ ಗೇಟಿನ ಹೊರಗೆ ನಿಲ್ಲಿಸಿ ದಿನವಿಡೀ ಕೆಲಸ ಮಾಡುವವರಿಗೂ ಬೀಗ ಹಾಕುವ ಪೆಟ್ಟಿಗೆ ಬೇಕೇ ಬೇಕು. ಇದು ಬದಿಯಡ್ಕ ಕಡೆಯ ವೆಲ್ಡಿಂಗ್ ಶಾಪಿನಲ್ಲಿ ಹೇಳಿ ಮಾಡಿಸಿದ್ದು. ಬೀಗ, ಬಣ್ಣ ಎಲ್ಲ ಸೇರಿ 10,000 ರೂಪಾಯಿಯ ಒಳಗೆ ಮುಗಿದಿದೆ.

ಅಳತೆ 80×40×30 ಸೆಂ.ಮೀ., 2 ಮಿ.ಮೀ. ಕಬ್ಬಿಣದ ಶೀಟು, ಬಾಯಿಯ ಸುತ್ತ 25×25×3 ಮಿ.ಮೀ.ನ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ). ಖಾಲಿ ತೂಕ ಸುಮಾರು 25 ಕೆ.ಜಿ. ಇದಕ್ಕಿಂತ ತೆಳು ಶೀಟು ಬೇಡ. ಮುಚ್ಚಳದ ಅಂಚು ಕೆಳಗೆ 25 ಮಿ.ಮೀ. ಇಳಿದಿರುವುದರಿಂದ ಹಾರೆಯ ಮೊನೆ ತೂರಿಸಲು ಸಂದು ಸಿಗುವುದಿಲ್ಲ. ಬಿಜಾಗರಿ ಉದ್ದಕ್ಕೂ ಒಂದೇ ಪಟ್ಟಿ, ಒಳಗಡೆ ಕೂತಿದೆ. ಅದರ ಕಡ್ಡಿಯ ಎರಡೂ ತುದಿಗೆ ಒಂದೊಂದು ಚುಕ್ಕೆ ವೆಲ್ಡಿಂಗ್.

ಕೂರಿಸುವ ಮೊದಲು ಗಾಡಿಯ ಅಡಿ ಮಲಗಿ ನೋಡಲೇಬೇಕು. ನೆಲದ ತಗಡಿನ ಕೆಳಗೆ ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು, ವೈರು ಎಲ್ಲಿ ಹಾದಿವೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಆಮೇಲೆ ಡ್ರಿಲ್ ಹಿಡಿಯಿರಿ. ನಾಲ್ಕು ಎಂ8 (8 ಮಿ.ಮೀ. ದಪ್ಪದ) ಬೋಲ್ಟು, 8.8 ಗ್ರೇಡಿನ ಗಟ್ಟಿ ಉಕ್ಕಿನವು. ಪ್ರತಿ ಬೋಲ್ಟಿನ ತಲೆಯನ್ನು 75×75×5 ಮಿ.ಮೀ. ಪ್ಲೇಟಿಗೆ ವೆಲ್ಡ್ ಮಾಡಿ, ಪ್ಲೇಟು ನೆಲದ ಕೆಳಗೆ ಬರುವಂತೆ, ನಟ್ಟು ಪೆಟ್ಟಿಗೆಯ ಒಳಗೆ ಬರುವಂತೆ ಕೂರಿಸಿದೆ. ಮುಚ್ಚಳಕ್ಕೆ ಬೀಗ ಬಿದ್ದಿದ್ದರೆ ಕೆಳಗಿನಿಂದ ಸ್ಪ್ಯಾನರ್ ಹಾಕಲು ಏನೂ ಸಿಗುವುದಿಲ್ಲ. ಹಿಂದಿನ ಸೀಟು ಕಿತ್ತು ಜಾಗ ಮಾಡಲು ಹೋಗಬೇಡಿ, ಆರ್‌ಸಿಯಲ್ಲಿರುವ ಆಸನಗಳ ಲೆಕ್ಕ ತಪ್ಪುತ್ತದೆ.

ಇಷ್ಟರ ಮಟ್ಟಿಗೆ ಪೂರ್ತಿ ಅಂಕ. ಕಳ್ಳನನ್ನು ತಡೆಯುವ ಕೆಲಸ ಪೆಟ್ಟಿಗೆ ಚೆನ್ನಾಗಿಯೇ ಮಾಡುತ್ತದೆ. ಆದರೆ ಮೊದಲ ಮಳೆಗಾಲದಲ್ಲಿ ಅದು ಯಜಮಾನನನ್ನೂ ತಡೆಯಿತು: ಬೀಗದ ಕೈ ತಿರುಗುವುದಿಲ್ಲ! ಹಗ್ಗ ತುರ್ತಾಗಿ ಬೇಕಾಗುವುದೇ ಗಾಡಿ ಕೆಸರಲ್ಲಿ ಓರೆಯಾಗಿ ಸಿಕ್ಕಿಕೊಂಡಾಗ; ಸರಿಯಾಗಿ ಅದೇ ಹೊತ್ತಿಗೆ ಮುಚ್ಚಳ ಹಠ ಹಿಡಿಯುತ್ತದೆ. ಇದು ಸಣ್ಣ ದೋಷವಲ್ಲ.

ಒಂದು ಚಕ್ರ ಮುರಕಲ್ಲಿನ ಮೇಲೇರಿ, ಎದುರು ಮೂಲೆಯ ಚಕ್ರ ಹೊಂಡಕ್ಕೆ ಇಳಿದರೆ ಚಾಸಿಸ್ ತಿರುಚಿಕೊಳ್ಳುತ್ತದೆ, ಜತೆಗೆ ನೆಲದ ತಗಡೂ. ಮುಚ್ಚಳ ಏಳುವ ಪೆಟ್ಟಿಗೆ ಎಂದರೆ ಐದೇ ಮೈಯ ಪೆಟ್ಟಿಗೆ. ನಾಲ್ಕು ಮೂಲೆಯಲ್ಲಿ ಬಿಗಿದಿದ್ದರೆ ಅದೂ ತಗಡಿನ ಜತೆ ತಿರುಚುತ್ತದೆ. ಮುಚ್ಚಳ ಮಾತ್ರ ಚಪ್ಪಟೆಯಾಗಿಯೇ ಇರುತ್ತದೆ. ಆಗ ಬೀಗದ ನಾಲಗೆ ಕೊಂಡಿಗೆ ಒತ್ತಿಕೊಂಡು ಕೂರುತ್ತದೆ. ಪರಿಹಾರ: ಪೆಟ್ಟಿಗೆಗೂ ನೆಲಕ್ಕೂ ನಡುವೆ ಪ್ರತಿ ಬೋಲ್ಟಿಗೆ 6 ಮಿ.ಮೀ. ದಪ್ಪದ ರಬ್ಬರ್ ವಾಶರ್, ನೈಲಾಕ್ ನಟ್ಟನ್ನು (ಅಲುಗಾಟಕ್ಕೆ ಸಡಿಲವಾಗದ ನಟ್ಟು) ರಬ್ಬರು ಸ್ವಲ್ಪವೇ ಉಬ್ಬುವಷ್ಟು ಮಾತ್ರ ಬಿಗಿಯುವುದು, ನಾಲಗೆ ಕೂರುವ ತೂತನ್ನು ಅರದಿಂದ ಉಜ್ಜಿ 2 ಮಿ.ಮೀ. ದೊಡ್ಡದು ಮಾಡುವುದು. ಹೊಸದಾಗಿ ಮಾಡಿಸುವವರು ಬಣ್ಣಕ್ಕೆ ಕೊಡುವ ಮೊದಲೇ ಪೆಟ್ಟಿಗೆ ಬಿಗಿದು, ಒಂದು ಮುಂದಿನ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ ಬೀಗ ತೆಗೆದು ಹಾಕಿ ನೋಡಿ. ಶಾಪಿನ ಸಮತಟ್ಟು ನೆಲದಲ್ಲಿ ಎಲ್ಲ ಬೀಗವೂ ಬೆಣ್ಣೆಯಂತೆ ತಿರುಗುತ್ತದೆ.

ಎರಡನೇ ತಪ್ಪು ಮುಚ್ಚಳದ ಸುತ್ತ ಅಂಟಿಸುವ ರಬ್ಬರ್ ಬೀಡಿಂಗಿನದು. ದಪ್ಪ ಸ್ಪಂಜಿನ ಪಟ್ಟಿ ಹಾಕಿದರೆ ನೀರು ಬರುವುದಿಲ್ಲ, ನಿಜ, ಆದರೆ ಅದು ಮುಚ್ಚಳವನ್ನು ಮೇಲಕ್ಕೆ ನೂಕುತ್ತಲೇ ಇರುತ್ತದೆ. ಅಂಗೈಯಿಂದ ಅದುಮಿ ಕೀ ತಿರುಗಿಸಬೇಕಾಗಿ ಬಂದರೆ, ಒಂದು ದಿನ ಕೀ ಒಳಗೇ ಮುರಿಯುತ್ತದೆ ಎಂದೇ ಲೆಕ್ಕ. 10 ಮಿ.ಮೀ.ನ ಟೊಳ್ಳು ಇಪಿಡಿಎಂ (ಬಿಸಿಲು ಮಳೆ ತಾಳುವ) ರಬ್ಬರು, ಮುಚ್ಚಿದಾಗ 3 ಮಿ.ಮೀ.ನಷ್ಟು ಅದುಮಿದರೆ ಸಾಕು. ಪಟ್ಟಿಯ ಎರಡು ತುದಿ ಸೇರುವ ಜೋಡಣೆ ಬಿಜಾಗರಿ ಕಡೆಗಿರಲಿ. ತಳದ ಎರಡು ಮೂಲೆಗೆ 6 ಮಿ.ಮೀ. ತೂತೂ ಬೇಕು, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ಕಾಲ) ಹೊರಗಿನ ಮಳೆಗಿಂತ ಒಳಗಿಟ್ಟ ಒದ್ದೆ ಹಗ್ಗದ ನೀರೇ ಜಾಸ್ತಿ.

ಮೂರನೆಯದು ಎಣ್ಣೆ. ಬೀಗ ಬಿಗಿಯಾಯಿತು ಎಂದು ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಎಲ್ಲರ ಅಭ್ಯಾಸ. ಎರಡು ದಿನ ಸಲೀಸು, ಆಮೇಲೆ ಕೆಂಪು ಧೂಳು ಆ ಎಣ್ಣೆಗೆ ಅಂಟಿ ಒಳಗೆ ಚಟ್ನಿಯಂತಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಒಳನಾಡಿಗೆ ಸರಿ. ಕಡಲ ಉಪ್ಪಿನ ಗಾಳಿ ಇರುವಲ್ಲಿ ತೇವ ಸೇರಿದರೆ ಆ ಗ್ರಾಫೈಟೇ ಲೋಹ ಬೇಗ ಸವೆಯಲು ಕಾರಣವಾಗುತ್ತದೆ. ಒಣಗುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ತಿಂಗಳಿಗೊಮ್ಮೆ ಸಾಕು. ಕೀ ತೂತು ಮುಚ್ಚಳದ ಮೇಲೆ ಇರಲೇಬಾರದು. ಮುಂದಿನ ಮೈಯಲ್ಲಿ, ಅಂಚಿನ ಕೆಳಗೆ ಇರಬೇಕು.

ಈ ಮೂರೂ ಸರಿಯಾದ ಮೇಲೆ ಎರಡನೇ ಮಳೆಗಾಲ ಪೂರ್ತಿ ಒಮ್ಮೆಯೂ ಬೀಗ ಸಿಕ್ಕಿಕೊಂಡಿಲ್ಲ, ಪೆಟ್ಟಿಗೆಯ ಮೇಲೆ ಪ್ರೀತಿ ಬಂದಿದೆ. ಸಂಜೆಯ ಕ್ರಮ ಇಷ್ಟೇ: ಗಾಡಿ ಶೆಡ್ಡಿಗೆ ಬಂದ ಕೂಡಲೇ ಹಗ್ಗ ಹೊರಗೆ ನೇತುಹಾಕುವುದು, ಹಳೆ ಬೈರಾಸಿನಿಂದ ಬೀಡಿಂಗಿನ ಸುತ್ತ ಒರೆಸುವುದು, ತಳದ ತೂತುಗಳಿಗೆ ಕಡ್ಡಿ ಆಡಿಸುವುದು, ಮುಚ್ಚಳವನ್ನು ಅರ್ಧ ಗಂಟೆ ತೆರೆದಿಡುವುದು. ತೇವ ಹೀರಲು ಒಳಗಿಟ್ಟ ಸಿಲಿಕಾ ಜೆಲ್ ಕಿತ್ತಳೆಯಿಂದ ಹಸಿರಿಗೆ ತಿರುಗಿದಾಗ ಓವನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಕಾಗದದ ಕವರು ಆಟಿಯಲ್ಲೂ ಗರಿಗರಿಯಾಗಿದೆ. ಈ ಸುಖ ನಿರೀಕ್ಷೆ ಮಾಡಿದ್ದಲ್ಲ.

ಅಡಕೆ ತೋಟದವರಿಗೆ ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಕಾಲದಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಕಟ್ಟು ಇದರೊಳಗೆ ಬೇಡವೇ ಬೇಡ. ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ಕತ್ತಿ ಅದ್ದಿ ನೋಡುವಾಗ ಅಲಗಿಗೆ ತಾಮ್ರ ಹತ್ತುವುದನ್ನು ನೋಡಿದ್ದೀರಲ್ಲ, ಬಣ್ಣ ಎದ್ದ ಕಡೆ ಪೆಟ್ಟಿಗೆಯ ತಳದಲ್ಲೂ ಆಗುವುದು ಅದೇ. ತಾಮ್ರ ಹತ್ತಿದಷ್ಟು ಕಬ್ಬಿಣ ಕರಗುತ್ತದೆ. ಮೈಲುತುತ್ತಿಗೆ ಪ್ಲಾಸ್ಟಿಕ್ ಡಬ್ಬ, ಅದೂ ಪೆಟ್ಟಿಗೆಯ ಹೊರಗೆ.